ಗಾಳಿ ಕುಡಿದು ಗಟ್ಟಿಯಾದ ಗೋಡೆಗಳು

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದು 1900ರ ಡಿಸೆಂಬರ್ 8ರಂದು. ಊರಿಗೆ ಕರೆಂಟು ಬಂದದ್ದು 1905ರ ಆಗಸ್ಟಿನಲ್ಲಿ. ನಡುವಿನ ನಾಲ್ಕೂವರೆ ವರ್ಷಕ್ಕೂ ಮಿಕ್ಕಿದ ಆ ಕಾಲದಲ್ಲಿ ಗಾಯ ನೋಡಲು ಕಿಟಕಿಯ ಬೆಳಕು, ಜ್ವರದ ಮೈಗೆ ತಂಪು ಬೇಕೆಂದರೆ ಕಿಟಕಿಯ ಗಾಳಿ, ಕತ್ತಲಾದ ಮೇಲೆ ಲಾಟೀನು. ಇವತ್ತು ನಾವು ಸ್ವಿಚ್ಚಿಗೆ ಒಪ್ಪಿಸಿ ಮರೆತಿರುವ ಕೆಲಸಗಳನ್ನೆಲ್ಲ ಆಗ ಗೋಡೆ, ಕಮಾನು, ಜಗಲಿ, ಸೂರುಗಳೇ ಮಾಡಬೇಕಿತ್ತು. ಮಾಡಿದವು ಕೂಡ. ಇಂಥ ಕಟ್ಟಡಗಳಿಗೆ ಪಾರಂಪರಿಕ ಎಂಬ ಪಟ್ಟ ಕಟ್ಟಿ, ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಅಂದಚಂದ ಹೊಗಳಿ ಬರುವುದು ವಾಡಿಕೆ. ಅಂದವೇನೋ ಇದೆ. ಆದರೆ ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅವುಗಳೊಳಗಿನ ಕಸುಬು: ಗಾಳಿಯನ್ನು ಮೊದಲು ಗೋಡೆ ಕಟ್ಟುವುದಕ್ಕೆ, ಆಮೇಲೆ ರೋಗಿಯನ್ನು ಉಳಿಸುವುದಕ್ಕೆ ದುಡಿಸಿಕೊಂಡ ಜಾಣತನ.

ಆಸ್ಪತ್ರೆಯ ಶಂಕುಸ್ಥಾಪನೆ ಆದದ್ದು 1897ರ ಜೂನ್ 22ರಂದು. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ತುಂಬಿದ ಸಂಭ್ರಮದ ನೆಪ. ಕಲ್ಲು ಇಟ್ಟವರು ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಅದಕ್ಕೆ ಎರಡೂವರೆ ವರ್ಷ ಮುಂಚೆ, 1894ರ ಡಿಸೆಂಬರಿನಲ್ಲಿ, ಅವರ ಪತಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಗೆ ಹೋದಾಗ ಗಂಟಲಮಾರಿಗೆ ತುತ್ತಾಗಿದ್ದರು. ಮಗ, ಮುಂದೆ ನಾಲ್ವಡಿ ಎಂದು ಹೆಸರಾದ ಕೃಷ್ಣರಾಜರು, ಆಗಿನ್ನೂ ಹತ್ತು ವರ್ಷದ ಹುಡುಗ. ರಾಜ್ಯದ ಹೊಣೆ ಹೊತ್ತ ತಾಯಿ 1902ರ ವರೆಗೆ ಅದನ್ನು ನಡೆಸಿದರು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್.

ಅದೇ ಜೂನ್ 22ರ ರಾತ್ರಿ ಪುಣೆಯಲ್ಲಿ, ಅದೇ ರಾಣಿಯ ಅದೇ ಉತ್ಸವದ ಔತಣ ಮುಗಿಸಿ ಹೊರಟಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಪ್ಲೇಗಿನ ಹೆಸರಿನಲ್ಲಿ ಮನೆಮನೆಗೆ ನುಗ್ಗಿದ ಆಡಳಿತದ ಮೇಲಿನ ಸಿಟ್ಟು ಅದು. ಒಂದು ಊರಿನಲ್ಲಿ ಆಸ್ಪತ್ರೆಗೆ ಪಾಯ, ಇನ್ನೊಂದು ಊರಿನಲ್ಲಿ ಪ್ಲೇಗ್ ಅಧಿಕಾರಿಯ ಮೇಲೆ ಗುಂಡು, ದಿನ ಒಂದೇ. 1896ರಲ್ಲಿ ಮುಂಬಯಿಗೆ ಕಾಲಿಟ್ಟಿದ್ದ ಪ್ಲೇಗು ಬೆಂಗಳೂರಿಗೆ ಬಂದದ್ದು 1898ರ ಆಗಸ್ಟಿನಲ್ಲಿ, ವಿಕ್ಟೋರಿಯಾದ ಗೋಡೆಗಳು ಇನ್ನೂ ಏಳುತ್ತಿದ್ದ ಹೊತ್ತಿನಲ್ಲಿ. ಪೇಟೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡು ಗಾಳಿಯೇ ಆಡದಂತಿದ್ದದ್ದು ಎಲ್ಲರ ಕಣ್ಣಿಗೂ ಬಿತ್ತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು, ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಗಳು ಬೇಗ ಬೆಳೆದದ್ದರಲ್ಲಿ ಆ ಭಯದ ಪಾಲು ದೊಡ್ಡದು. ಇದಕ್ಕೂ ಮುಂಚೆ, 1895ರಲ್ಲಿ, ಕಾಲರಾ ತಡೆಯಲೆಂದು ಬೆಂಗಳೂರಿಗೆ ಕಳಿಸಲಾಗಿದ್ದ ಸೇನಾ ವೈದ್ಯರೊಬ್ಬರು ಊರಿನ ಚರಂಡಿ, ಬಾವಿಗಳನ್ನು ಜಾಲಾಡಿ ಹೋಗಿದ್ದರು. ಅವರ ಹೆಸರು ರೊನಾಲ್ಡ್ ರಾಸ್. ಮಲೇರಿಯಾದ ಬೇರು ಸೊಳ್ಳೆಯ ಹೊಟ್ಟೆಯಲ್ಲಿದೆಯೆಂದು ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು ಅವರೇ.

ಕೋಟೆಯ ಮಗ್ಗುಲಿಗೆ ವಿಕ್ಟೋರಿಯಾ ಎದ್ದ ಆ ನೆಲದಲ್ಲಿ ಆಮೇಲೆ ಒಂದೊಂದೇ ಆಸ್ಪತ್ರೆ ಜೊತೆಗೂಡಿತು. 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ, 1935ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಆ ಮಹಾರಾಣಿಯವರದೇ ಹೆಸರಿನ ವಾಣಿವಿಲಾಸ ಆಸ್ಪತ್ರೆ, 1955ರಲ್ಲಿ ವೈದ್ಯಕೀಯ ಕಾಲೇಜು.

ಇನ್ನು ಕಟ್ಟಡಗಳ ನಕ್ಷೆಗೆ ಬರೋಣ. ಆ ನಕ್ಷೆಗಳ ಮೂಲ ಹುಡುಕುತ್ತ ಹೋದರೆ ದಂಡು ಪ್ರದೇಶದ ಬೌರಿಂಗ್ ಆಸ್ಪತ್ರೆ ಸಿಗುತ್ತದೆ. 1860ರ ದಶಕದಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ ಕಟ್ಟಿದ್ದು. ಅದಕ್ಕೆ ಮಾದರಿ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ. ಅಲ್ಲಿಯ ಹೊಸತನ ಇಷ್ಟೇ: ಇಡೀ ಆಸ್ಪತ್ರೆಯನ್ನು ಒಂದೇ ಗುಡ್ಡೆಯಾಗಿ ಕಟ್ಟದೆ ಉದ್ದುದ್ದನೆಯ ವಾರ್ಡುಗಳಾಗಿ ಬಿಡಿಸಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ತೆರೆದ ಅಂಗಳ ಬಿಟ್ಟು, ಎಲ್ಲವನ್ನೂ ಒಂದು ಜಗಲಿಯಿಂದ ಪೋಣಿಸುವುದು. ಈ ಕ್ರಮಕ್ಕೆ ದೊಡ್ಡ ದನಿಯಾಗಿ ನಿಂತವರು ಫ್ಲಾರೆನ್ಸ್ ನೈಟಿಂಗೇಲ್. ಆಸ್ಪತ್ರೆ ಹೇಗಿರಬೇಕೆಂದು 1859ರಲ್ಲಿ ಅವರು ಬರೆದ ಪುಸ್ತಕದಲ್ಲಿ ಕರುಣೆಯ ಮಾತಿಗಿಂತ ಅಡಿ, ಅಂಗುಲಗಳ ಲೆಕ್ಕವೇ ಹೆಚ್ಚು. ಕಿಟಕಿಗೆ ಎದುರು ಕಿಟಕಿ ಇರಲೇಬೇಕು, ಎರಡು ಮಂಚಕ್ಕೆ ಒಂದು ಕಿಟಕಿಯಾದರೂ ಬೇಕು, ಸೂರು ಎತ್ತರವಿರಬೇಕು, ಒಂದು ವಾರ್ಡಿಗೆ 30ರ ಆಸುಪಾಸಿನಷ್ಟೇ ಮಂಚ. ಭಾರತಕ್ಕೆ ಒಮ್ಮೆಯೂ ಬಾರದ ಆಕೆ ಇಲ್ಲಿಯ ಬ್ಯಾರಕ್ಕು, ಆಸ್ಪತ್ರೆ, ಚರಂಡಿಗಳ ಬಗ್ಗೆ ದಶಕಗಟ್ಟಲೆ ಕುಳಿತು ಬರೆದರು.

ಇದರಲ್ಲೊಂದು ತಮಾಷೆಯಿದೆ. ರೋಗ ಬರುವುದು ಕೆಟ್ಟ ವಾಸನೆಯ ಗಾಳಿಯಿಂದ ಎಂಬುದು ಆ ಕಾಲದ ನಂಬಿಕೆ. ನೈಟಿಂಗೇಲರಿಗೂ ಬಹುಕಾಲ ಅದೇ ನಂಬಿಕೆ. ಕ್ಷಯದ ರೋಗಾಣುವನ್ನು ಕಾಖ್ ತೋರಿಸಿದ್ದು 1882ರಲ್ಲಿ, ಆಕೆಯ ಪುಸ್ತಕ ಬಂದು 20 ವರ್ಷ ಕಳೆದ ಮೇಲೆ. ಹೀಗೆ ಕೊಟ್ಟ ಕಾರಣ ತಪ್ಪು, ಕಟ್ಟಿಸಿದ ಕಟ್ಟಡ ಸರಿ! ಎಷ್ಟು ಸರಿ ಎಂಬುದಕ್ಕೆ ಅಳತೆಯ ಆಧಾರವೇ ಇದೆ. ಪೆರು ದೇಶದ ಲೀಮಾ ನಗರದ 8 ಆಸ್ಪತ್ರೆಗಳಲ್ಲಿ ಸಂಶೋಧಕರು ಕೋಣೆ ಕೋಣೆಯ ಗಾಳಿಯ ಓಡಾಟವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಎತ್ತರದ ಸೂರು, ದೊಡ್ಡ ಕಿಟಕಿಗಳಿದ್ದ 50 ವರ್ಷಕ್ಕೂ ಹಳೆಯ ವಾರ್ಡುಗಳಲ್ಲಿ ಕೋಣೆಯ ಗಾಳಿ ಗಂಟೆಗೆ ಸುಮಾರು 40 ಸಲ ಪೂರಾ ಬದಲಾಗುತ್ತಿತ್ತು. ಕಿಟಕಿಯಿರುವ ಹೊಸ ಕೋಣೆಗಳಲ್ಲಿ 17 ಸಲ. ಯಂತ್ರದಿಂದ ಗಾಳಿಯೂದುವ ಕೋಣೆಗಳಲ್ಲಿ ಲೆಕ್ಕ ಹಿಡಿದದ್ದೇ 12 ಸಲ. ಕ್ಷಯದಂತೆ ಗಾಳಿಯಲ್ಲಿ ಹರಡುವ ರೋಗಕ್ಕೆ ಹಳೆಯ ವಾರ್ಡೇ ಮೇಲೆಂದು ಅವರು ಬರೆದಾಗ ಹೊಸ ಆಸ್ಪತ್ರೆ ಕಟ್ಟುವವರು ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಕೊರೊನಾ ಬಂದ ಮೇಲೆ ಎಲ್ಲರೂ ಕಿಟಕಿ ತೆಗೆಯಿರಿ ಎಂದರು.

ಆ ಗಾಳಿ ಓಡುವ ಬಗೆಯನ್ನು ವಾರ್ಡಿನ ನಡುವೆ ನಿಂತರೆ ಮೈಯೇ ಹೇಳುತ್ತದೆ. ಹೊರಗಿನ ಬಿಸಿಲಗಾಳಿ ನೇರವಾಗಿ ಒಳಗೆ ಬರುವಂತಿಲ್ಲ. ಮೊದಲು ಕಮಾನು ದಾಟಿ ಜಗಲಿಗೆ ಬರಬೇಕು. ಅಲ್ಲಿ ನೆರಳಿದೆ, ತಣ್ಣನೆಯ ಕಲ್ಲುಹಾಸಿದೆ. ಬಿಸಿಯ ಸೊಕ್ಕು ಇಳಿದ ಮೇಲೆ ಗಾಳಿ ಕೆಳಗಿನ ಕಿಟಕಿಯಿಂದ ಒಳಕ್ಕೆ ನುಸುಳುತ್ತದೆ, ಮಂಚಗಳ ಮಟ್ಟದಲ್ಲಿ ಹರಿದು, ಮೈಶಾಖ ಹೊತ್ತುಕೊಂಡು ಹಗುರಾಗಿ ಮೇಲೇರುತ್ತದೆ. ಸೂರಿನಡಿಯ ವೆಂಟಿಲೇಟರಿನಿಂದ ಹೊರಗೆ ಹೋಗುತ್ತದೆ. ಹೋದಷ್ಟೂ ಕೆಳಗಿನಿಂದ ಹೊಸ ಗಾಳಿಯನ್ನು ಎಳೆಯುತ್ತದೆ. ಸೂರು 15–16 ಅಡಿ ಎತ್ತರವಿರುವುದು ಇದಕ್ಕಾಗಿ. ಮೇಲಿನ ಆ ಖಾಲಿ ಜಾಗವನ್ನು ನೋಡಿ ದಂಡವಾಯಿತಲ್ಲ ಎಂದು ನಡುವೆ ಅಟ್ಟ ಹಾಕಿಸುವವರು, ಜಗಲಿಗೆ ಅಲ್ಯೂಮಿನಿಯಂ ಚೌಕಟ್ಟು, ಗಾಜು ಜಡಿದು ಆಫೀಸು ಮಾಡುವವರು ಕಟ್ಟಡದ ಮೂಗಿಗೇ ಬೆಣೆ ಹೊಡೆಯುತ್ತಾರೆ. ಆಮೇಲೆ ಸೆಕೆಯೆಂದು ಏಸಿ.

ಹಳೆಯದೆಲ್ಲ ಒಳ್ಳೆಯದು ಎಂದು ಮಾತ್ರ ನಾನು ವಾದಿಸಲಾರೆ. ಆಪರೇಷನ್ ಥಿಯೇಟರಿಗೆ, ಐಸಿಯುಗೆ ಸೋಸಿದ ಗಾಳಿಯೇ ಬೇಕು. ಮೂವತ್ತು ಜನ ಒಂದೇ ಹಜಾರದಲ್ಲಿ ಮಲಗಿ ನರಳುವುದರಲ್ಲಿ ರೋಗಿಯ ಮಾನಕ್ಕೆ ಜಾಗವಿಲ್ಲ ಎಂಬ ದೂರೂ ನಿಜ.

ಗಾಳಿ ವಾರ್ಡಿನೊಳಗೆ ಓಡಾಡುವುದು ಕಣ್ಣಿಗೆ ಕಾಣುವ ಅರ್ಧ. ಇನ್ನರ್ಧ ಗೋಡೆಯೊಳಗೇ ಇದೆ, ಗಾರೆಯಲ್ಲಿ. 1897ರಲ್ಲಿ ನಮ್ಮಲ್ಲಿ ಸಿಮೆಂಟೆಂದರೆ ಹಡಗಿನಲ್ಲಿ ಬರಬೇಕಾದ ದುಬಾರಿ ಸಾಮಾನು. ಮೈಸೂರು ಸೀಮೆಯ ದೊಡ್ಡ ಕಟ್ಟಡಗಳೆಲ್ಲ ಸುಣ್ಣದ ಗಾರೆಯಲ್ಲೇ ಎದ್ದವು. ಆಸ್ಪತ್ರೆಗೆ ಕಲ್ಲಿಟ್ಟ ಮಹಾರಾಣಿಯವರ ಹೆಸರಿನ ವಾಣಿವಿಲಾಸ ಸಾಗರ, ಹಿರಿಯೂರಿನ ಹತ್ತಿರದ ಮಾರಿಕಣಿವೆಯ ಅಣೆಕಟ್ಟೆ, 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದದ್ದು ಗಾರೆಯಲ್ಲಿ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಕಾವೇರಿಯನ್ನು ತಡೆದು ನಿಂತಿರುವುದೂ ಇಟ್ಟಿಗೆಪುಡಿ ಸೇರಿದ ಸುರ್ಕಿ ಗಾರೆಯ ಬಲದಿಂದಲೇ.

ಗಾರೆಯ ಕೆಲಸ ಶುರುವಾಗುವುದು ಬೆಂಕಿಯಿಂದ. ಸುಣ್ಣಕಲ್ಲನ್ನು ಗೂಡಿನಲ್ಲಿ ಇದ್ದಿಲಿನ ಜೊತೆ ಪದರ ಪದರವಾಗಿ ತುಂಬಿ ಸುಡುತ್ತಾರೆ. ಕಾವು ಸುಮಾರು 900 ಡಿಗ್ರಿ ಮುಟ್ಟಿದಾಗ ಕಲ್ಲಿನೊಳಗೆ ಕಟ್ಟಿಬಿದ್ದಿದ್ದ ಇಂಗಾಲಾಮ್ಲ ಹೊರಗೆ ಹೋಗುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಕೈಗೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ. ಉಳಿದ 44 ಕಿಲೋ ಗಾಳಿಯ ಪಾಲು. ಆ ಹೆಂಟೆ ಕೈಗೆ ತೆಗೆದುಕೊಂಡರೆ ಕಲ್ಲೆಂದು ಕಾಣುತ್ತದೆ, ತೂಕವೇ ಇಲ್ಲ. ನೀರಿಗೆ ಹಾಕಿದರೆ ಒಂದೆರಡು ಗಳಿಗೆ ಏನೂ ಆಗದು. ಆಮೇಲೆ ಸಣ್ಣಗೆ ಸುಯ್ಯೆನ್ನುತ್ತದೆ, ಬಿರಿಯುತ್ತದೆ, ನೋಡುತ್ತಿದ್ದಂತೆ ನೀರು ಕೊತಕೊತ ಕುದಿಯಲು ತೊಡಗಿ ಹೆಂಟೆ ಹಿಟ್ಟಾಗಿ ಅರಳುತ್ತದೆ. ಒಲೆಯಿಲ್ಲ, ಉರಿಯಿಲ್ಲ, ಗೂಡಿನ ಬೆಂಕಿಯೇ ಕಲ್ಲಿನೊಳಗೆ ಅವಿತು ಬಂದು ಇಲ್ಲಿ ಹೊರಬೀಳುತ್ತದೆ. ಹತ್ತಿರ ಬಗ್ಗಿ ನೋಡುವವರನ್ನು ಗಾರೆಯವರು ಗದರಿಸಿ ಹಿಂದಕ್ಕೆ ಕಳಿಸುತ್ತಾರೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು.

ಅರಳಿದ ಸುಣ್ಣವನ್ನು ಸೋಸಿ, ಗುಂಡಿಯಲ್ಲಿ ನೀರಿನಡಿ ಇಟ್ಟರೆ ದಿನ ಕಳೆದಂತೆ ಬೆಣ್ಣೆಯಷ್ಟು ನುಣುಪಾಗುತ್ತದೆ. ವಾರಗಳು ಸಾಕು, ತಿಂಗಳುಗಳಾದರೆ ಇನ್ನೂ ಮೇಲು. ನೀರು ಆರಬಾರದು, ಗಾಳಿ ತಾಗಬಾರದು. ಆಮೇಲೆ ಮರಳು, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿಸಿ ಗಾಣದಲ್ಲಿ ಅರೆಯಬೇಕು. ಕಲ್ಲು ಹಾಸಿದ ದುಂಡನೆಯ ತೊಟ್ಟಿ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಎಳೆಯಲು ಎತ್ತು. ಹಳೆಯ ದೇವಸ್ಥಾನ, ಅಣೆಕಟ್ಟೆಗಳ ಬಳಿ ಅಂಥ ಗಾರೆಗಾಣದ ಗಾಲಿಗಳು ಈಗಲೂ ಹುಲ್ಲಿನಲ್ಲಿ ಬಿದ್ದಿರುತ್ತವೆ. ಅರೆದಷ್ಟೂ ಸುಣ್ಣ ಪ್ರತಿ ಮರಳಕಣಕ್ಕೂ ಮೆತ್ತಿಕೊಳ್ಳುತ್ತದೆ, ಸುರ್ಕಿಯ ಜೊತೆ ಬೆರೆತು ನೀರಿಗೂ ಜಗ್ಗದ ಗಟ್ಟಿತನ ಪಡೆಯುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವುದುಂಟು: ಬೆಲ್ಲ ಗಾರೆಯನ್ನು ಮೃದುವಾಗಿಸಿ ಕಡಿಮೆ ನೀರಿನಲ್ಲೇ ಹದಕ್ಕೆ ತರುತ್ತದೆ, ಅಳಲೆಯ ಒಗರು ಹಿಡಿತ ಕೊಡುತ್ತದೆ. ಹದ ಬಂತೋ ಇಲ್ಲವೋ ನೋಡಲು ಮೇಸ್ತ್ರಿಗೆ ಕರಣೆಯೊಂದೇ ಸಾಕು. ಕರಣೆಯ ತುಂಬ ಗಾರೆ ಎತ್ತಿ ಓರೆ ಮಾಡಿದಾಗ ಒಂದೇ ಉಂಡೆಯಾಗಿ, ಲೋಹವನ್ನು ಚೊಕ್ಕಟವಾಗಿ ಬಿಟ್ಟು ಜಾರಬೇಕು. ಅಂಟಿಕೊಂಡರೆ ಮತ್ತೆ ಗಾಣಕ್ಕೆ.

ಗೋಡೆಗೆ ಸೇರಿದ ಮೇಲೆ ನಿಜವಾದ ಕೆಲಸ ಶುರು. ಗೂಡಿನಲ್ಲಿ ಕಳೆದುಕೊಂಡ ಇಂಗಾಲಾಮ್ಲವನ್ನು ಸುಣ್ಣ ಈಗ ಗಾಳಿಯಿಂದ ಗುಟುಕು ಗುಟುಕಾಗಿ ಹಿಂದಕ್ಕೆ ಕುಡಿಯುತ್ತ ಮತ್ತೆ ಕಲ್ಲಾಗುತ್ತದೆ. ಹೊರಮೈಯಿಂದ ಒಳಕ್ಕೆ, ಮಿಲಿಮೀಟರ್ ಲೆಕ್ಕದಲ್ಲಿ. ಒಂದೂವರೆ ಎರಡು ಅಡಿ ದಪ್ಪದ ಗೋಡೆಯ ನಡುಮಧ್ಯಕ್ಕೆ ಅದು ತಲುಪಲು ದಶಕಗಳೇ ಬೇಕು. ಇದನ್ನು ಕಣ್ಣಾರೆ ನೋಡುವ ಉಪಾಯವೂ ಉಂಟು. ಗಾರೆಯ ಒಂದು ತುಂಡನ್ನು ಮುರಿದು, ಮುರಿದ ಮೈಗೆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಿಗುವ ಫಿನಾಫ್ತಲೀನ್ ಹನಿಸಿದರೆ, ಕಲ್ಲಾಗಿ ಮುಗಿದ ಅಂಚು ಬೆಳ್ಳಗೇ ಉಳಿಯುತ್ತದೆ. ಇನ್ನೂ ಗಾಳಿಗೆ ಕಾದು ಕುಳಿತಿರುವ ಒಳಭಾಗ ಗಾಢ ಗುಲಾಬಿಗೆ ತಿರುಗುತ್ತದೆ. ವಾರ್ಡಿನ ಗೋಡೆಯಾದರೆ ಅದು ಕುಡಿದ ಗಾಳಿಯಲ್ಲಿ ರೋಗಿಗಳು ಬಿಟ್ಟ ಉಸಿರೂ ಸೇರಿದೆ. ಕವಿತೆಗೆಂದು ಹೇಳಿದ ಮಾತಲ್ಲ, ರಸಾಯನಶಾಸ್ತ್ರವೇ ಹಾಗೆನ್ನುತ್ತದೆ.

ಗಾರೆ ಹೀಗೆ ನಿಧಾನವಾಗಿ ಗಟ್ಟಿಯಾಗುವುದರಿಂದಲೇ ಕಟ್ಟಡಕ್ಕೆ ಮೈ ಸಡಿಲಿಸಿಕೊಳ್ಳಲು ಅವಕಾಶ. ಪಾಯ ಒಂದಿಷ್ಟು ಕುಸಿದರೆ, ಬಿಸಿಲಿಗೆ ಕಲ್ಲು ಹಿಗ್ಗಿದರೆ ಗಾರೆ ಬಾಗಿಕೊಡುತ್ತದೆ. ಕೂದಲೆಳೆಯ ಬಿರುಕು ಬಿದ್ದರೂ, ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲಿಗೆ ಹರಿದು ಹೆಪ್ಪುಗಟ್ಟಿ ತಾನೇ ಮುಚ್ಚುವುದುಂಟು. ಕಲ್ಲಾದರೋ ನಮ್ಮ ಬೆಂಗಳೂರಿನದು, ಲಾಲ್‌ಬಾಗಿನ ಬಂಡೆಯ ಜಾತಿಯದು, 300 ಕೋಟಿ ವರ್ಷದಷ್ಟು ಹಳೆಯದು. ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಕಬ್ಬಿಣದ ಬೆಣೆಯಿಟ್ಟು, ಒಂದಾದಮೇಲೊಂದಕ್ಕೆ ಸುತ್ತಿಗೆಯಿಂದ ಹದವಾಗಿ ಹೊಡೆಯುತ್ತ ಹೋದರೆ ಬೆಣೆಯ ದನಿ ಬದಲಾಗುತ್ತದೆ. ಆ ದನಿ ಕೇಳಿಯೇ ಕಲ್ಲುಕುಟಿಗರು ಸೀಳು ಎಲ್ಲಿಯವರೆಗೆ ಹೋಗಿದೆಯೆಂದು ಹೇಳುತ್ತಾರೆ. ಅಷ್ಟು ಬಿರುಸಾದ ಕಲ್ಲಿನ ನಡುವೆ ಅದಕ್ಕಿಂತ ಮೆತ್ತನೆಯ ಗಾರೆ ಇರಬೇಕು. ಯಾವತ್ತೂ ಸವೆಯುವುದು ಸಂದಿಯಾಗಿರಲಿ, ಕಲ್ಲಲ್ಲ. ಸಂದಿಗೆ ಹೊಸ ಗಾರೆ ತುಂಬಬಹುದು.

ಆ ಕಾಲದ ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಮದ್ರಾಸ್ ತಾರಸಿ. ಇದನ್ನು ಹಾಕುವುದನ್ನು ನೋಡಿದರೆ ಮೊದಲು ನಂಬಿಕೆ ಬಾರದು. ತೇಗದ ತೊಲೆಗಳನ್ನೋ ಕಬ್ಬಿಣದ ತೊಲೆಗಳನ್ನೋ ಹತ್ತಿರ ಹತ್ತಿರ ಜೋಡಿಸಿ, ಅವುಗಳ ನಡುವಿನ ಬಯಲಿಗೆ ಅಂಗೈಯಗಲದ ತೆಳ್ಳನೆಯ ತಾರಸಿ ಇಟ್ಟಿಗೆಗಳನ್ನು ನಿಲ್ಲಿಸಿ, ಮೂಲೆಯಿಂದ ಓರೆಯಾಗಿ ಕಟ್ಟುತ್ತ ಬರುತ್ತಾರೆ. ಕೆಳಗೆ ಹಲಗೆಯ ಆಸರೆಯಿಲ್ಲ. ಇಟ್ಟಿಗೆಗೆ ಗಾರೆ ಬಳಿದು ಪಕ್ಕದ ಇಟ್ಟಿಗೆಗೆ ಒತ್ತಿ ಹಿಡಿದು ಕೈ ಬಿಟ್ಟರೆ ಅದು ಬಯಲಲ್ಲೇ ನಿಲ್ಲುತ್ತದೆ. ಓರೆಯ ಸಾಲಾದ್ದರಿಂದ ಪ್ರತಿ ಇಟ್ಟಿಗೆಗೂ ಹಿಂದಿನದರ ಹೆಗಲು. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಕಲಸಿದ ಮೂರು ನಾಲ್ಕು ಅಂಗುಲದ ಪದರ. ಆಮೇಲೆ ಬಡಿತ. ಹೆಣ್ಣಾಳುಗಳು ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು ಮರದ ಕೊಡತಿಯಿಂದ, ಬೆಲ್ಲ, ಅಳಲೆಯ ನೀರು ಚಿಮುಕಿಸುತ್ತ, ಹಾಡಿನ ತಾಳಕ್ಕೆ ದಿನಗಟ್ಟಲೆ ಬಡಿಯುತ್ತಿದ್ದರು. ಕೊಡತಿ ಒಳಗಿಳಿಯದೆ ಪುಟಿದು ಮೇಲಕ್ಕೆ ಬಂದಾಗ ಬಡಿತ ಸಾಕು ಎಂದು ಲೆಕ್ಕ. ಕಾಂಕ್ರೀಟಿನ ಶಕ್ತಿ ಅಳೆಯಲು ಇವತ್ತಿನ ಇಂಜಿನಿಯರುಗಳು ಬಳಸುವ ಒಂದು ಸಾಧನವೂ ಪುಟಿತವನ್ನೇ ನೋಡುತ್ತದೆ.

ಇನ್ನು ಗೋಡೆಯ ಒಳಮೈ. ವಾರ್ಡಿನಲ್ಲಿ ಗೋಡೆ ಗೋಡೆ ಸೇರುವ ಮೂಲೆಯನ್ನು ಗಿಲಾವಿನವರು ದುಂಡಗೆ ತಿದ್ದುತ್ತಿದ್ದುದು ದೂಳು ಕೂರದಿರಲಿ, ಬಟ್ಟೆಯಲ್ಲಿ ಒಂದೇ ಎಳೆತಕ್ಕೆ ಒರೆಸುವಂತಿರಲಿ ಎಂದು. ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಹಬ್ಬದ ಅಲಂಕಾರ ಮಾತ್ರವೇ? ಹಸಿ ಸುಣ್ಣದ ಕ್ಷಾರ ಬಹಳ ತೀಕ್ಷ್ಣ, ಅದರಲ್ಲಿ ಹೆಚ್ಚಿನ ರೋಗಾಣುಗಳು ಬದುಕುವುದಿಲ್ಲ. ಪ್ಲೇಗಿನ ಕಾಲದಲ್ಲಿ ಮನೆಮನೆಗೂ ಸುಣ್ಣ ಹೊಡೆಸಿದ್ದು ಅದಕ್ಕೇ. ಸುಣ್ಣದ ಡಬ್ಬಿಯೇ ಆಗ ಆಸ್ಪತ್ರೆಯ ಅರ್ಧ ಫಿನಾಯಿಲು.

ಇಂಥ ಗೋಡೆ ಕೆಡುವುದು ಮುಪ್ಪಿನಿಂದಲ್ಲ, ಬಹಳ ಸಲ ರಿಪೇರಿಯಿಂದ. ನೆಲದ ತೇವ ಕಲ್ಲು, ಗಾರೆಗಳ ಸಂದಿಯಲ್ಲಿ ಮೇಲಕ್ಕೆ ಹತ್ತುತ್ತದೆ. ಸುಣ್ಣದ ಗಿಲಾವಿದ್ದರೆ ಆ ತೇವ ಹೊರಮೈಗೆ ಬಂದು ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದು, ಸಾಲದೆಂದು ಎದೆಮಟ್ಟಕ್ಕೆ ಎನಾಮಲ್ ಪೇಂಟ್ ಹೊಡೆದರೆ ತೇವಕ್ಕೆ ದಾರಿಯಿಲ್ಲ. ಇನ್ನೂ ಮೇಲೆ ಹತ್ತುತ್ತದೆ, ಜೊತೆಗೆ ತಂದ ಉಪ್ಪನ್ನು ಸಿಮೆಂಟಿನ ಹಿಂದೆಯೇ ಹರಳುಗಟ್ಟಿಸುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಪೇಂಟು ಗುಳ್ಳೆಯೇಳುತ್ತದೆ. ತಟ್ಟಿ ನೋಡಿದರೆ ಪೊಳ್ಳು ಸದ್ದು. ಚಕ್ಕೆ ಎದ್ದು ಬಂದರೆ ಹಿಂದಿನ ಹಳೆಯ ಗಾರೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಆಗ ‘ಹಳೇ ಕಟ್ಟಡ, ಇನ್ನೇನು ತಡೆಯುತ್ತೆ’ ಎಂದು ಕಡತದಲ್ಲಿ ಷರಾ. ಇನ್ನೊಂದು ಶತ್ರು ಅರಳಿ. ಹಕ್ಕಿ ಉದುರಿಸಿದ ಬೀಜ ಸಂದಿಯಲ್ಲಿ ಮೊಳೆತು ಬೇರನ್ನು ಗಾರೆಗುಂಟ ಓಡಿಸುತ್ತದೆ. ಮೇಲಿನ ಸೊಪ್ಪು ಕತ್ತರಿಸಿದರೆ ಬೇರು ಇನ್ನಷ್ಟು ದಪ್ಪವಾಗುತ್ತದೆಯೇ ಹೊರತು ಸಾಯದು. ತಾರಸಿಯ ನೀರ ದೋಣಿಯನ್ನು ಮಳೆಗೆ ಮುಂಚೆ ಗುಡಿಸಿಡುವ ಒಬ್ಬ ಆಳಿದ್ದರೆ ಇದರಲ್ಲಿ ಅರ್ಧ ತಪ್ಪುತ್ತದೆ.

ಸರಿಯಾದ ರಿಪೇರಿ ಮಾಡುವ ಗಾರೆಯವರು ಮೊದಲು ಹಳೆಯ ಗಾರೆಯ ಚೂರನ್ನು ಆಮ್ಲದಲ್ಲಿ ಕರಗಿಸಿ ಮರಳೆಷ್ಟು, ಸುರ್ಕಿಯೆಷ್ಟು ಎಂದು ತಿಳಿದುಕೊಳ್ಳುತ್ತಾರೆ. ಸಿಮೆಂಟನ್ನು ಮೆಷಿನ್ನಿನಿಂದ ಅಲ್ಲ, ಉಳಿಯಿಂದ ಬಿಡಿಸುತ್ತಾರೆ. ಹೊಸ ಗಾರೆ ಹಳೆಯದಕ್ಕಿಂತ ಗಟ್ಟಿಯಾಗಬಾರದು, ಅದೇ ಕಟ್ಟುಪಾಡು. ಒಂದು ಪದರ ಹಚ್ಚಿ, ಅದು ಎಳೆದುಕೊಂಡ ಮೇಲೆ ಇನ್ನೊಂದು. ಮೇಲೆ ಒದ್ದೆ ಗೋಣಿ, ವಾರಗಟ್ಟಲೆ ನೀರು. ನಮ್ಮ ಟೆಂಡರುಗಳ ಗಡುವಿಗೂ ಇದಕ್ಕೂ ಹೊಂದುವುದಿಲ್ಲ: ಜನವರಿಯಲ್ಲಿ ದುಡ್ಡು ಮಂಜೂರಾಗಿ ಮಾರ್ಚ್ 31ರೊಳಗೆ ಬಿಲ್ಲಾಗಬೇಕೆಂದರೆ ಸಿಮೆಂಟೇ ಗತಿ. ಸಾರುವೆ ಕಟ್ಟುವುದಕ್ಕೆ ಆರು ತಿಂಗಳು ಮೊದಲೇ ಸುಣ್ಣದ ಗುಂಡಿಗೆಂದು ಒಂದು ಬಾಬ್ತು ಬರೆದರೆ ಮಾತ್ರ ಕೆಲಸ ನೆಟ್ಟಗಾಗುತ್ತದೆ. ಗಾರೆ ಆರುವ ತನಕ ವಾರ್ಡಿನ ರೋಗಿಗಳನ್ನು ಎಲ್ಲಿ ಮಲಗಿಸುವುದೆಂಬ ಪ್ರಶ್ನೆಗೆ ಮೇಸ್ತ್ರಿಯ ಹತ್ತಿರ ಉತ್ತರವಿರುವುದಿಲ್ಲ. ಅದನ್ನು ಆಸ್ಪತ್ರೆಯವರೇ ಒಂದೊಂದು ವಾರ್ಡನ್ನು ಸರದಿಯ ಮೇಲೆ ತೆರವು ಮಾಡಿಕೊಟ್ಟು ಬಗೆಹರಿಸಿಕೊಳ್ಳಬೇಕು.